ಮಂಡಿ ಕಟಕಟ ಅನ್ನುತ್ತೆ, ಎಕ್ಸ್‌ರೇಯಲ್ಲಿ ‘ಸವೆತ’ ಅಂತೆ. ಕ್ಯಾಲ್ಸಿಯಂ ತಗೊಂಡರೆ ಸರಿಹೋಗುತ್ತಾ?

ಮೆಟ್ಟಿಲುಭಯ:
ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ, ದಿನವಿಡೀ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಒಂದು ವರ್ಷದಿಂದ ಬಲಮಂಡಿ ನೋಯುತ್ತಿದೆ. ಮೆಟ್ಟಿಲು ಹತ್ತುವಾಗ ಹೇಗೋ ನಡೆಯುತ್ತದೆ, ಇಳಿಯುವಾಗ ಕೈಕಂಬಿ ಬೇಕೇ ಬೇಕು. ಬೆಳಿಗ್ಗೆ ಎದ್ದರೆ ಹತ್ತು ನಿಮಿಷ ಕಾಲು ಬಿಗಿದುಕೊಂಡಿರುತ್ತದೆ, ಸ್ವಲ್ಪ ಓಡಾಡಿದ ಮೇಲೆ ಸಡಿಲ. ಮಡಚಿದರೆ ಎರಡೂ ಮಂಡಿ ಕಟಕಟ ಅನ್ನುತ್ತವೆ. ತಮಾಷೆ ಅಂದರೆ ಎಡಗಡೆಯದು ಒಂಚೂರೂ ನೋಯಲ್ಲ, ಆದರೆ ಸದ್ದು ಅದರದ್ದೇ ಜೋರು.

ಡಾಕ್ಟರ್ ಎಕ್ಸ್‌ರೇ ಎತ್ತಿ ಹಿಡಿದು, “ಸವೆತ ಶುರುವಾಗಿದೆ, ಗ್ಯಾಪ್ ಕಡಿಮೆಯಾಗಿದೆ” ಅಂದರು, ಮಾತ್ರೆ ಬರೆದರು, ಮುಗಿಯಿತು. ಹೊರಗೆ ಅಷ್ಟು ಜನ ಕಾಯುತ್ತಿದ್ದರು, ಇನ್ನೊಂದು ಪ್ರಶ್ನೆ ಕೇಳೋಕೆ ಸಂಕೋಚ ಆಯ್ತು. ಮನೆಗೆ ಬಂದ ಮೇಲೆ ಹೆದರಿಕೆ ಹತ್ತಿಕೊಂಡಿದೆ. ನಮ್ಮ ದೊಡ್ಡಮ್ಮನಿಗೂ “ಮೂಳೆ ಸವೆತ” ಅಂತಲೇ ಹೇಳಿದ್ದರು. ನಿಂತಲ್ಲೇ ಸುಮ್ನೆ ಜಾರಿ ಕೂತಿದ್ದಕ್ಕೆ ಅವರ ಸೊಂಟದ ಮೂಳೆ ಮುರಿಯಿತು. ನನ್ನದೂ ಅದೇನಾ? ಕ್ಯಾಲ್ಸಿಯಂ ಜಾಸ್ತಿ ತಗೊಂಡರೆ ಸವೆದದ್ದು ಮತ್ತೆ ತುಂಬುತ್ತಾ? ಉಳಿದಷ್ಟನ್ನಾದರೂ ಉಳಿಸಿಕೊಳ್ಳೋಣ ಅಂತ ಸಂಜೆ ನಡಿಗೆ ನಿಲ್ಲಿಸಿಬಿಟ್ಟಿದ್ದೇನೆ, ಸರಿ ಅಲ್ವಾ?

ಎಲ್ಲಬಲ್ಲವ:
ಮಂಡಿಯಲ್ಲಿ ಗ್ರೀಸ್ ಒಣಗಿದೆ, ಅದಕ್ಕೇ ಸದ್ದು. ಆದಷ್ಟು ಮಂಡಿಗೆ ಕೆಲಸ ಕೊಡಬೇಡಿ. ಬೆರಳಿನ ಲಟಿಕೆ ತೆಗೆಯುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ, ಮುಂದೆ ಕೈಗೂ ಸಂಧಿವಾತ ಬರುತ್ತದೆ.

ಮೂಳೆಮೇಷ್ಟ್ರು:
ಮೇಲಿನವರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಹೆದರಿಕೆ. ನಾನು ಡಾಕ್ಟರ್ ಅಲ್ಲ, ಇಪ್ಪತ್ತೆರಡು ವರ್ಷ ಅನಾಟಮಿ ಪಾಠ ಮಾಡಿದವನು. ನಮ್ಮಲ್ಲಿ ದೊಡ್ಡ ಗೊಂದಲ ಇರುವುದೇ ಆ ‘ಸವೆತ’ ಅನ್ನುವ ಪದದಲ್ಲಿ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಕಾಯಿಲೆಗೆ ಅದೊಂದೇ ಹೆಸರು.

ನಿಮ್ಮದು ಆಸ್ಟಿಯೋಆರ್ಥ್ರೈಟಿಸ್ ಇರಬೇಕು. ಅದು ಕೀಲಿನ ಕಾಯಿಲೆ. ಎರಡು ಮೂಳೆ ಸೇರುವಲ್ಲಿ ತುದಿಗೆ ಮೃದ್ವಸ್ಥಿಯ ಹೊದಿಕೆ ಇರುತ್ತದೆ, ಎಲ್ಲರೂ ಕಾರ್ಟಿಲೇಜ್ ಅಂತಾರಲ್ಲ, ಅದು. ಡಿಸೆಕ್ಷನ್ ಟೇಬಲ್ ಮೇಲೆ ಮಂಡಿ ಬಿಡಿಸಿದಾಗ ಹುಡುಗರಿಗೆ ಬೆರಳು ಇಡಿ ಅನ್ನುತ್ತಿದ್ದೆ. ಬಿಳಿ, ಸ್ವಲ್ಪ ನೀಲಿ ಛಾಯೆ, ಒದ್ದೆ ಸೋಪಿನ ಮೇಲೆ ಇಟ್ಟ ಹಾಗೆ ಬೆರಳು ಜಾರುತ್ತದೆ. ದಪ್ಪ ಬರೀ ಕೆಲವು ಮಿಲಿಮೀಟರ್. ವಯಸ್ಸಾದವರ ಮಂಡಿಯಲ್ಲಿ ಅದೇ ಜಾಗ ಒರಟಾಗಿ, ನಾರುನಾರಾಗಿ ಎದ್ದಿರುತ್ತದೆ, ಕೆಲವು ಕಡೆ ಕೆಳಗಿನ ಮೂಳೆ ಹಳದಿಯಾಗಿ ಇಣುಕುತ್ತಿರುತ್ತದೆ. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅದು ಇರುವ ಜಾಗ ಖಾಲಿಯಾಗಿ ಕಾಣುತ್ತದೆ, ಡಾಕ್ಟರ್ ಹೇಳಿದ ‘ಗ್ಯಾಪ್’ ಇದೇ. ಹೊದಿಕೆ ತೆಳುವಾದರೆ ಗ್ಯಾಪ್ ಕಿರಿದಾಗುತ್ತದೆ.

ದೊಡ್ಡಮ್ಮನದು ಆಸ್ಟಿಯೋಪೊರೋಸಿಸ್ ಇದ್ದೀತು. ಅದು ಮೂಳೆಯ ಒಳಗಿನ ಕಥೆ. ಮೂಳೆ ಅಂದರೆ ಒಣಗಿದ ಕಟ್ಟಿಗೆ ಅಂತ ಅಂದುಕೊಂಡಿದ್ದೇವೆ, ಆದರೆ ಅಲ್ಲಿ ವರ್ಷವಿಡೀ ರಿಪೇರಿ ನಡೆಯುತ್ತಿರುತ್ತದೆ. ಒಂದು ಬಗೆಯ ಕೋಶ ಹಳೆಯದನ್ನು ಕೆರೆದು ತೆಗೆಯುತ್ತದೆ, ಇನ್ನೊಂದು ಹೊಸದನ್ನು ಮೆತ್ತುತ್ತದೆ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಮೂಳೆ ಹೀಗೆ ಬದಲಾಗುತ್ತದೆ. ಮೂವತ್ತರ ಆಸುಪಾಸಿಗೆ ಮೂಳೆ ಗಟ್ಟಿತನದ ತುದಿ ಮುಟ್ಟಿರುತ್ತದೆ. ಆಮೇಲೆ ಕೆರೆಯುವವನ ಕೈ ಮೇಲಾಗುತ್ತಾ ಹೋಗುತ್ತದೆ, ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಇನ್ನೂ ಜೋರು. ಮೂಳೆ ಟೊಳ್ಳಾಗುತ್ತದೆ. ಮುರಿಯುವ ತನಕ ನೋವೇ ಇರಲ್ಲ, ಅದೇ ಅದರ ಕೆಟ್ಟ ಗುಣ. ಕೀಲು ಚೆನ್ನಾಗಿದ್ದೂ ಮೂಳೆ ಟೊಳ್ಳಿರಬಹುದು. ನಿಮ್ಮ ಹಾಗೆ ಕೀಲು ಕೆಟ್ಟಿದ್ದರೂ ಮೂಳೆ ಗಟ್ಟಿ ಇರಬಹುದು.

ಹಾಗಾಗಿ ಕ್ಯಾಲ್ಸಿಯಂ ನಿಮ್ಮ ಮಂಡಿಯ ಹೊದಿಕೆಯನ್ನು ಬೆಳೆಸುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಬಂದು ಡಾಕ್ಟರ್ ಕೊಟ್ಟರೆ ಅದು ಬೇರೆ ವಿಷಯ.

ಕುರ್ಚಿಯಿಂದೇಳಿ (ಫಿಸಿಯೋ):
ಮೇಷ್ಟ್ರು ಪಾಠ ಮುಗಿಸಿದ್ದಾರೆ, ನಾನು ಕೆಲಸಕ್ಕೆ ಬರುತ್ತೇನೆ. ನಡಿಗೆ ನಿಲ್ಲಿಸಿದ್ದು ತಪ್ಪು ಸರ್. ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಕಾಲು ಊರಿದಾಗ ಸ್ಪಂಜಿನ ಹಾಗೆ ಹಿಂಡಿಕೊಳ್ಳುತ್ತದೆ, ಎತ್ತಿದಾಗ ಸುತ್ತಲಿನ ದ್ರವವನ್ನು ಹೀರಿಕೊಳ್ಳುತ್ತದೆ, ಅದಕ್ಕೆ ಊಟ ಸಿಗುವುದು ಹಾಗೆ. ನೀವು ಕೂತುಬಿಟ್ಟರೆ ಅದು ಉಪವಾಸ. ಬಳಸಿದಷ್ಟೂ ಸವೆಯೋಕೆ ಅದು ಗಾಡಿಯ ಟೈರ್ ಅಲ್ಲ.

ಇಳಿಯುವಾಗಲೇ ಯಾಕೆ ಜಾಸ್ತಿ ನೋವು ಅಂತ ಕೇಳಬೇಕಿತ್ತು ನೀವು. ಇಳಿಯುವಾಗ ಇಡೀ ಮೈಭಾರವನ್ನು ಒಂದು ಕಾಲು ಮಂಡಿ ಮಡಚುತ್ತಾ ನಿಧಾನಕ್ಕೆ ಕೆಳಗಿಳಿಸಬೇಕು, ಅಂದರೆ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಾಕುತ್ತಿರಬೇಕು. ಅದು ಸೋತಿದ್ದರೆ ಧಡ್ ಅಂತ ಕಾಲು ಬೀಳುತ್ತದೆ, ಏಟು ಮಂಡಿಗೆ. ಸೊಂಟದ ಕೀಲು ನೋಡಿ, ಆಳವಾದ ಬಟ್ಟಲಲ್ಲಿ ಗುಂಡು ಕೂತ ಹಾಗಿದೆ, ಮೂಳೆಯೇ ಹಿಡಿದುಕೊಂಡಿರುತ್ತದೆ. ಮಂಡಿಗೆ ಆ ಭಾಗ್ಯ ಇಲ್ಲ. ದೇಹದ ಅತಿ ಉದ್ದದ ಎರಡು ಮೂಳೆ, ಕೆಳಗಿನದರ ತಲೆ ಹೆಚ್ಚುಕಡಿಮೆ ಚಪ್ಪಟೆ, ಹಿಡಿತವೆಲ್ಲ ಅಸ್ಥಿರಜ್ಜು (ಮೂಳೆಗೆ ಮೂಳೆ ಕಟ್ಟುವ ಗಟ್ಟಿ ಪಟ್ಟಿ, ಲಿಗಮೆಂಟ್) ಮತ್ತು ಸ್ನಾಯುವಿನದೇ.

ಆದ್ದರಿಂದ ತೊಡೆ ಗಟ್ಟಿ ಮಾಡಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಹತ್ತು ಸಲ, ದಿನಕ್ಕೆ ಎರಡು ಬಾರಿ. ಕೂರುವಾಗ ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಯಿರಿ, ಕೊನೆಯಲ್ಲಿ ಧೊಪ್ ಅಂತ ಬೀಳಬಾರದು, ಅದೇ ಮುಖ್ಯ. ಕಷ್ಟವಾದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ನೋವು ಹತ್ತರಲ್ಲಿ ನಾಲ್ಕು ದಾಟದೆ, ಮಾರನೇ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಸಿ. ತೂಕ ಜಾಸ್ತಿ ಇದ್ದರೆ ಇನ್ನೊಂದು ಲೆಕ್ಕ: ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಹೊರೆ ಕಡಿಮೆ.

ಇನ್ನು ಸದ್ದು. ದಿನಾ ಎಷ್ಟೋ ಮಂಡಿಯ ಮೇಲೆ ಅಂಗೈ ಇಟ್ಟು ಮಡಚಿಸಿ ನೋಡುತ್ತೇನೆ, ಕೈಗೆ ಮರಳು ಉಜ್ಜಿದ ಹಾಗೆ ತಾಗುತ್ತದೆ, ಅವರಲ್ಲಿ ಎಷ್ಟೋ ಜನಕ್ಕೆ ನೋವೇ ಇರಲ್ಲ. ನಿಮ್ಮ ಎಡಮಂಡಿಯೇ ಸಾಕ್ಷಿ.

ಬೆರಳ್ಗಂಟು:
ಎರಡು ಮಾತು ಸೇರಿಸಲೇ? ಈ ‘ಸವೆತ’ ಅನ್ನುವ ಪದಕ್ಕೆ ನನ್ನ ಎರಡು ವರ್ಷ ಹೋಗಿದೆ. 34ನೇ ವಯಸ್ಸಿಗೆ ಎರಡೂ ಕೈ ಬೆರಳಿನ ಬುಡದ ಗಂಟು ಊದಿಕೊಂಡವು. ಬೆಳಿಗ್ಗೆ ಟೂತ್‌ಪೇಸ್ಟ್ ಮುಚ್ಚಳ ತಿರುಗಿಸೋಕೆ ಆಗುತ್ತಿರಲಿಲ್ಲ, ಹಲ್ಲಲ್ಲಿ ಕಚ್ಚಿ ತೆಗೆಯುತ್ತಿದ್ದೆ. ಬಿಗಿತ ಬಿಡೋಕೆ ಒಂದೂವರೆ ಗಂಟೆ ಬೇಕಿತ್ತು. ಅದೂ ಸವೆತ ಅಂತಲೇ ತಿಳಿದು ಯಾರ್ಯಾರೋ ಹೇಳಿದ ಮಾತ್ರೆ ನುಂಗಿದೆ. ಕೊನೆಗೆ ಗೊತ್ತಾಗಿದ್ದು ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮದೇ ರೋಗನಿರೋಧಕ ಶಕ್ತಿ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುವುದು. ಅದಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಅನ್ನುವ ಔಷಧಿ ಶುರುವಾದ ಮೇಲೆ ಕೈ ನನ್ನ ಕೈಯಾಯಿತು, ಆದರೆ ತಡವಾಗಿದ್ದಕ್ಕೆ ಎರಡು ಬೆರಳು ಸೊಟ್ಟಗೇ ಉಳಿದಿವೆ.

ನಿಮ್ಮದು ಹತ್ತು ನಿಮಿಷದ ಬಿಗಿತ, ಒಂದೇ ಮಂಡಿಯ ನೋವು. ನನ್ನಂಥದ್ದು ಇರಲಾರದು. ಬಿಗಿತ ಗಂಟೆಗಟ್ಟಲೆ ಇದ್ದು, ಸಣ್ಣ ಕೀಲುಗಳು ಎರಡೂ ಕಡೆ ಊದಿದ್ದರೆ ಮಾತ್ರ ಒಂದು ವಾರವೂ ಕಾಯಬೇಡಿ, ರುಮಟಾಲಜಿಸ್ಟ್ (ಇಂಥ ಕೀಲುರೋಗಗಳ ತಜ್ಞರು) ಹತ್ತಿರ ಹೋಗಿ. ನಮ್ಮ ಯಜಮಾನರದು ಮತ್ತೊಂದು ತರ, ಗೌಟ್. ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಗಾಗಿ, ಹೊದಿಕೆ ತಾಗಿದರೂ ಕಿರುಚುತ್ತಿದ್ದರು. ಯೂರಿಕ್ ಆಮ್ಲ ಸೂಜಿಯ ಹಾಗೆ ಹರಳುಗಟ್ಟಿ ಕೀಲಲ್ಲಿ ಕೂತಿತ್ತು. ನೋಡಿ, ಎಲ್ಲಕ್ಕೂ ಹೆಸರು ಒಂದೇ, ಕೀಲುನೋವು!

ಎಲ್ಲಬಲ್ಲವ:
ಅದೆಲ್ಲ ಸರಿ, ಲಟಿಕೆ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಮೂಳೆಮೇಷ್ಟ್ರು:
ಮರೆತಿರಲಿಲ್ಲ ಸ್ವಾಮಿ. ಬೆರಳು ಎಳೆದಾಗ ಕೀಲಿನ ಒಳಗೆ ಜಾಗ ಹಿಗ್ಗಿ ಒತ್ತಡ ಇಳಿಯುತ್ತದೆ, ದ್ರವದಲ್ಲಿ ಕರಗಿದ್ದ ಅನಿಲ ಗುಳ್ಳೆ ಕಟ್ಟುತ್ತದೆ. 2015ರಲ್ಲಿ ಎಂಆರ್‌ಐ ಒಳಗೇ ಬೆರಳು ಎಳೆದು ಇದನ್ನು ಚಿತ್ರ ತೆಗೆದಿದ್ದಾರೆ. ಸದ್ದು ಗುಳ್ಳೆ ಹುಟ್ಟುವಾಗಿನದೋ ಕುಸಿಯುವಾಗಿನದೋ ಅಂತ ಜಗಳ ಇನ್ನೂ ಇದೆ. ಅನಿಲ ಮತ್ತೆ ಕರಗಬೇಕು, ಅದಕ್ಕೇ ಒಂದು ಸಲ ತೆಗೆದ ಲಟಿಕೆ ಸುಮಾರು 20 ನಿಮಿಷ ಮತ್ತೆ ಬರಲ್ಲ, ಈಗಲೇ ಪರೀಕ್ಷಿಸಿ ನೋಡಿ. ಡೊನಾಲ್ಡ್ ಅಂಗರ್ ಅನ್ನುವ ಅಮೆರಿಕದ ಡಾಕ್ಟರ್ 60 ವರ್ಷಕ್ಕೂ ಜಾಸ್ತಿ ಕಾಲ ಎಡಗೈಯದು ಮಾತ್ರ ಲಟಿಕೆ ತೆಗೆದು, ಬಲಗೈಯನ್ನು ಹಾಗೇ ಬಿಟ್ಟರು. ಯಾವ ಕೈಗೂ ಸಂಧಿವಾತ ಬರಲಿಲ್ಲ. 2009ರಲ್ಲಿ ಅವರಿಗೆ ಇಗ್ ನೊಬೆಲ್, ಅಂದರೆ ವಿಚಿತ್ರ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ, ಕೊಟ್ಟು ನಗಿಸಿದರು. ಒಬ್ಬರ ಎರಡು ಕೈ ದೊಡ್ಡ ಪುರಾವೆ ಏನಲ್ಲ, ಆದರೂ ನಿಮ್ಮ ಹತ್ತಿರ ಅಷ್ಟೂ ಇಲ್ಲವಲ್ಲ.

‘ಗ್ರೀಸ್ ಒಣಗಿದೆ’ ಅನ್ನುವುದೂ ಉಲ್ಟಾ. ಕೆರಳಿದ ಮಂಡಿಯಲ್ಲಿ ದ್ರವ ಜಾಸ್ತಿಯಾಗಿ ನೀರು ತುಂಬಿಕೊಳ್ಳುವುದೇ ಸಾಮಾನ್ಯ.

ಕುರ್ಚಿಯಿಂದೇಳಿ (ಫಿಸಿಯೋ):
ಒಂದು ಎಚ್ಚರಿಕೆ ಬಿಟ್ಟುಹೋಗಿತ್ತು. ಮಂಡಿ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಜ್ವರವೂ ಬಂದರೆ ಅದು ಕೀಲಿಗೆ ಸೋಂಕು ಆಗಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮಡಚಿದ ಮಂಡಿ ಸಿಕ್ಕಿಹಾಕಿಕೊಂಡು ನೆಟ್ಟಗೆ ಮಾಡೋಕೇ ಬರದಿದ್ದರೂ ತೋರಿಸಿ. ಅಂದಹಾಗೆ ಎಕ್ಸ್‌ರೇ ನಿಂತು ತೆಗೆಸಿದ್ದಾ, ಮಲಗಿಯಾ? ಮಲಗಿ ತೆಗೆದರೆ ಭಾರ ಬೀಳಲ್ಲ, ಗ್ಯಾಪ್ ಎಷ್ಟು ಅಂತ ಸರಿಯಾಗಿ ಗೊತ್ತಾಗಲ್ಲ.

ಮೆಟ್ಟಿಲುಭಯ:
ನಿಂತೇ ತೆಗೆಸಿದ್ದು ಮೇಡಂ. ಇವತ್ತು ಕುರ್ಚಿ ವ್ಯಾಯಾಮ ಮಾಡಿದೆ. ಎಂಟನೇ ಸಲಕ್ಕೆ ತೊಡೆ ನಡುಗೋಕೆ ಶುರು, 46ಕ್ಕೇ ಈ ಗತಿ ಅಂತ ನಾಚಿಕೆ ಆಯ್ತು.

ಮೇಷ್ಟ್ರೇ, ಇನ್ನೊಂದು ಕೇಳಬೇಕು. ದೊಡ್ಡಮ್ಮ ಅಂದರೆ ನಮ್ಮ ಅಮ್ಮನ ಸ್ವಂತ ಅಕ್ಕ. ಅಮ್ಮನಿಗೆ ಈಗ 71. ಯಾವ ನೋವೂ ಇಲ್ಲ. ಆದರೆ ಹೋದ ತಿಂಗಳು “ಮೇಲಿನ ಗೂಡು ಈಗ ಕೈಗೆ ಎಟಕಲ್ಲ ಕಣೋ” ಅಂದಾಗ ನಾನು ನಕ್ಕು ಸುಮ್ಮನಾಗಿದ್ದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಮೂಳೆಮೇಷ್ಟ್ರು:
ಇರಬಹುದು. ಬೆನ್ನುಮೂಳೆಯ ಬಿಲ್ಲೆಗಳು ಟೊಳ್ಳಾಗಿ ಒಂದೊಂದೇ ಕುಸಿದರೆ ಎತ್ತರ ಕಡಿಮೆಯಾಗುತ್ತದೆ, ಎಷ್ಟೋ ಸಲ ನೋವೂ ಇರಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಅಳೆಯಿರಿ, ವಯಸ್ಸಿನಲ್ಲಿ ಇದ್ದ ಎತ್ತರಕ್ಕೆ ಹೋಲಿಸಿ. 4 ಸೆಂಟಿಮೀಟರ್ ಅಥವಾ ಜಾಸ್ತಿ ಕಡಿಮೆ ಬಂದರೆ ಬೆನ್ನಿನ ಎಕ್ಸ್‌ರೇ ಬೇಕಾ ಅಂತ ಡಾಕ್ಟರನ್ನು ಕೇಳಿ. ಅವರ ವಯಸ್ಸಿಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಹೇಗೂ ಮಾಡಿಸಬೇಕು. ಅದರಲ್ಲಿ ಟಿ-ಸ್ಕೋರ್ ಅಂತ ಬರುತ್ತದೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಔಷಧಿ ಇದೆ, ಮುರಿಯುವ ಮೊದಲೇ ಶುರು ಮಾಡಬಹುದು.

ಮೆಟ್ಟಿಲುಭಯ:
ಅಳೆದೆ. ಹಳೇ ಮೆಡಿಕಲ್ ಫೈಲಿನಲ್ಲಿ 157 ಸೆಂ.ಮೀ. ಅಂತಿದೆ, ಈಗ 152. ಎರಡು ಸಲ ನಿಲ್ಲಿಸಿದೆ, ಟೇಪ್ ಬದಲಾಯಿಸಿಯೂ ನೋಡಿದೆ. ಸ್ಕ್ಯಾನಿಗೆ ಗುರುವಾರ ಬರಲು ಹೇಳಿದ್ದಾರೆ. ಗೂಡಿನಲ್ಲಿದ್ದ ಡಬ್ಬಗಳನ್ನೆಲ್ಲ ಕೆಳಗಿಳಿಸಿದ್ದೇನೆ, ಅಮ್ಮ ಸ್ಟೂಲ್ ಹತ್ತೋದು ಬೇಡ ಅಂತ.