ಥಂಡಿಗೆ ಹ್ಯಾಮ್‌ಸ್ಟರ್ ಉಂಡಿಯಾಗಿ ಬಿದ್ದದ, ಉಸಿರು ಭಾಳ ನಿಧಾನ: ಹ್ಯಾಂಗ ಬೆಚ್ಚಗ ಮಾಡ್ಲಿ?

ಕೋಟೆಬದಿ, ಬೀದರ್

ಸಿರಿಯನ್ ಹ್ಯಾಮ್‌ಸ್ಟರ್, ಒಂದೂವರಿ ವರ್ಷದ್ದು, ತೂಕ ಸುಮಾರು 130 ಗ್ರಾಂ. ಪಂಜರ ವರಾಂಡದಾಗ ಫರಸಿ ಮ್ಯಾಲ ಇತ್ತು. ರಾತ್ರಿ ಥಂಡಿ ಜೋರಿತ್ತು. ಮುಂಜಾನಿ ನೋಡಿದ್ರ ಮೂಲ್ಯಾಗ ಉಂಡಿಯಾಗಿ ಬಿದ್ದದ, ಮುಟ್ಟಿದ್ರ ತಣ್ಣಗ, ಕಿವಿ ಹಿಂದಕ್ಕ ಅಂಟ್ಯಾವ, ಮುಂಗಾಲು ಎದಿಗೆ ಮಡಚಿಕೊಂಡದ. ಪಕ್ಕಡಿ ದಿಟ್ಟಿಸಿ ನೋಡಿದ್ರ ಹೆಚ್ಚುಕಮ್ಮಿ 40 ಸೆಕೆಂಡಿಗೊಮ್ಮೆ ಉಸಿರು ಎಳೀತದ. ಮನ್ಯಾಗ ಹಿರಿಯರು ಸತ್ತದ, ಹುಗೀರಿ ಅಂತಾರ. ಬಿಸಲಿಗೆ ಇಡ್ಲೇನು? ಹೇರ್ ಡ್ರೈಯರ್ ಹಿಡೀಲೇನು? ಬಾಯಾಗ ಒಂದು ಹನಿ ಜೇನುತುಪ್ಪ ಹಾಕ್ರಿ ಅಂತನೂ ಒಬ್ಬರು ಹೇಳ್ಲತ್ತಾರ. ಲಗೂನ ಹೇಳ್ರಿ.

ಸಣ್ಣಜೀವ, ಕಲಬುರಗಿ

ಹುಗೀಬ್ಯಾಡ್ರಿ, ಉಸಿರು ಅದ ಅಂದ್ರ ಜೀವ ಅದ. ಇದು ಟಾರ್ಪರ್, ಅಂದ್ರ ಮೈ ಕಾವು, ಉಸಿರು, ಎದಿ ಬಡಿತ ಭಾಳ ಇಳಿದು ಪ್ರಾಣಿ ಜಡ ಆಗಿ ಬೀಳೋದು. ಎಚ್ಚರಿದ್ದಾಗ ನಿಮಿಷಕ್ಕ 300–400 ಸಲ ಬಡಿಯೋ ಎದಿ, ಪೂರ್ತಿ ಆಳಕ್ಕ ಇಳಿದಾಗ 10ಕ್ಕಿಂತ ಕಮ್ಮಿ ಆಗ್ತದ. ಅದಕ್ಕ ಎದಿ ಮ್ಯಾಲ ಬೆರಳಿಟ್ಟು ‘ಬಡಿತ ಇಲ್ಲ’ ಅಂತ ತೀರ್ಮಾನ ಮಾಡಬಾರದು.

ಬಿಸಲು, ಡ್ರೈಯರ್, ಜೇನು ಮೂರೂ ಈಗ ಬ್ಯಾಡ. ಚರ್ಮದಾಗ ರಕ್ತದ ಓಡಾಟ ಭಾಳ ಕಮ್ಮಿ ಆಗಿರ್ತದ. ಹೊರಗಿನ ಕಾವು ಒಳಗ ಒಯ್ಲಾಕ ರಕ್ತ ಇಲ್ಲಂದ್ರ ಆ ಜಾಗ ಸುಡ್ತದ, ಪ್ರಾಣಿಗೆ ಸರಿದುಕೊಳ್ಳಲಾಕ ಆಗಂಗಿಲ್ಲ. ಇನ್ನ, ಮೈ ಮ್ಯಾಲಷ್ಟೇ ಗಡಬಡಿಸಿ ಕಾಸಿದ್ರ ಚರ್ಮದ ರಕ್ತನಾಳ ಒಮ್ಮೆಲೇ ಹಿಗ್ಗಿ ರಕ್ತದೊತ್ತಡ ಕುಸೀತದ, ಕೈಕಾಲಿನಾಗ ನಿಂತ ತಣ್ಣನ ರಕ್ತ ಎದಿಗೆ ವಾಪಸ್ ಬರ್ತದ. ಎದಿ ನಿಲ್ಲೋ ಭಯ ಇರೋದು ಆಗ. ಬಿಸಿನೀರಾಗ ಅದ್ದೋದು ಅಂತೂ ಎಂದೂ ಮಾಡಬ್ಯಾಡ್ರಿ, ಕೂದಲು ಒದ್ದಿ ಆದ್ರ ಇದ್ದ ಕಾವೂ ಹೋಗ್ತದ.

ಕಾವು ಅದರ ಒಳಗಿಂದ ಬರಬೇಕು. ಭುಜದ ನಡುವ ಇರೋ ಕಂದು ಕೊಬ್ಬು ಉರಿದು ಮೈ ಕಾಯಿಸ್ತದ. ನಾವು ಮಾಡೋದು ಇಷ್ಟ, ಆ ಕಾವು ಸೋರದಂಗ ನೋಡೋದು, ತುಸು ಆಸರ ಕೊಡೋದು.

ಮೊದಲು ಫರಸಿ ಬಿಡಿಸಿ ಒಳಖೋಲಿಗೆ ತರ್ರಿ. ಖೋಲಿ 20–22 ಡಿಗ್ರಿ ಇದ್ರ ಸಾಕು. ಬೂಟಿನ ಡಬ್ಬ್ಯಾಗ ಟಿಶ್ಯೂ ಪೇಪರ್ ಪಟ್ಟಿ ಪಟ್ಟಿ ಹರಿದು ನಾಕು ಬೆರಳು ದಪ್ಪ ಹಾಸ್ರಿ. ಹತ್ತಿ ಬ್ಯಾಡ, ಎಳಿ ಕಾಲಿಗೆ ಸುತ್ತಿಕೊಳ್ತದ. ಅರ್ಧ ಲೀಟರ್ ಬಾಟ್ಲಿಗೆ 3 ಪಾಲು ನಳದ ನೀರು ಹಾಕಿ, ಮ್ಯಾಲ 1 ಪಾಲು ಕುದಿಯೋ ನೀರು ಹಾಕ್ರಿ, ಹೆಚ್ಚುಕಮ್ಮಿ 40 ಡಿಗ್ರಿ ಆಗ್ತದ. ಕುದಿನೀರು ಮೊದಲು ಹಾಕಿದ್ರ ಬಾಟ್ಲಿ ಮುದುಡ್ತದ. ಹೊರಗ ಮುಟ್ಟಿದ್ರ ಕೂಸಿನ ಮೈ ತೊಳಿಯೋ ನೀರಿನಷ್ಟೇ ಬಿಸಿ ಇರಬೇಕು. ಮುಚ್ಚಳ ಬಿಗಿ ಮಾಡಿ, ಟವೆಲ್ ಎರಡು ಸುತ್ತು ಸುತ್ತಿ, ಡಬ್ಬಿಯ ಒಂದ ಬದಿಗಷ್ಟೇ ಇಡ್ರಿ. ಎಚ್ಚರಾದ ಮ್ಯಾಲ ಸೆಕಿ ಅನಿಸಿದ್ರ ಅದಕ್ಕ ದೂರ ಸರಿಲಾಕ ಜಾಗ ಬೇಕು. ಡಬ್ಬಿ ಮ್ಯಾಲ ತೆಳ್ಳನ ಅರಬಿ ಹೊಚ್ಚಿ ಗಾಳಿಗೆ ಸಂದು ಬಿಡ್ರಿ.

ಅರ್ಧ ತಾಸಿಗೊಮ್ಮೆ ಬಾಟ್ಲಿ ಮುಟ್ಟಿ ನೋಡ್ರಿ. ಆರಿದ ಬಾಟ್ಲಿ ಅಲ್ಲೇ ಬಿಟ್ರ ಅದೇ ತಿರುಗಿ ಪ್ರಾಣಿ ಕಾವು ಎಳಕೊಳ್ತದ. ಭಾಳ ಮಂದಿ ಎಡವೋದು ಇಲ್ಲೇ.

ಬಾಟ್ಲಿ ತಯಾರಾಗೋತನಕ ಎರಡೂ ಅಂಗೈ ನಡುವ ಹಿಡೀರಿ. ಉಜ್ಜಬ್ಯಾಡ್ರಿ, ಅಲುಗಿಸಿ ಎಬ್ಬಿಸಬ್ಯಾಡ್ರಿ. ಒಂದರಿಂದ ಮೂರು ತಾಸು ಹಿಡೀತದ. ಮೊದಲು ಮೀಸಿ ಅದರ್ತಾವ, ಆಮ್ಯಾಲ ಉಸಿರು ಬ್ಯಾಗ ಬ್ಯಾಗ ಬರ್ತದ. ತಲಿ, ಎದಿ ಮೊದಲು ಬೆಚ್ಚಗ ಆಗ್ತಾವ, ಹಿಂಗಾಲು ಕಡೀಕ. ಹಿಂದಿನ ಅರ್ಧ ತಣ್ಣಗ ಇದ್ರ ಲಕ್ವಾ ಹೊಡದದ ಅಂತ ಗಾಬರಿ ಬ್ಯಾಡ.

ಕೋಟೆಬದಿ, ಬೀದರ್

ಮೀಸಿ ಅದರಿದ್ವು, ಉಸಿರು ಬ್ಯಾಗ ಆಗ್ಯಾದ. ಈಗ ಇಡೀ ಮೈ ಗಡಗಡ ನಡಗ್ಲತ್ತದ. ಕಣ್ಣು ಅರ್ಧ ತೆರದದ, ತಲಿ ಎತ್ಲಾಕ ಹೋಗಿ ಮತ್ತ ಕೆಳಗ ಇಡ್ತದ. ಫಿಟ್ಸ್ ಏನ್ರಿ ಇದು? ನೀರು ಹಾಕ್ಲೇನು?

ನಂದಿನಗರ ಓದುಗ, ಬೀದರ್

ನಡುಕ ಬಂದದ್ದು ಒಳ್ಳೆಯದೇ. ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತಿವೆ. ಫಿಟ್ಸ್ ಆದರೆ ಕಾಲುಗಳು ಸೆಟೆದು ಚಾಚಿಕೊಳ್ಳುತ್ತವೆ ಅಥವಾ ಈಜಿದ ಹಾಗೆ ಆಡುತ್ತವೆ, ತಲೆ ಹಿಂದಕ್ಕೆ ಬಾಗುತ್ತದೆ. ನೀವು ಹೇಳುವುದು ಹಾಗಿಲ್ಲ.

ತಲೆ ನಿಲ್ಲುವವರೆಗೆ ಬಾಯಿಗೆ ಏನೂ ಬೇಡ. ನುಂಗುವ ಶಕ್ತಿ ಕೊನೆಗೆ ಬರುವುದು. ಅದಕ್ಕೆ ಮೊದಲು ಹಾಕಿದ ಹನಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಟಾರ್ಪರ್‌ನಿಂದ ಎದ್ದ ಪ್ರಾಣಿ ಎರಡು ದಿನದ ನಂತರ ಅದರಿಂದ ಸಾಯಬಹುದು. ಜೇನುತುಪ್ಪ ಅಂಟಾಗಿರುವುದರಿಂದ ಇನ್ನೂ ಅಪಾಯ.

ತಲೆ ಎತ್ತಿ ಹಿಡಿದು ನಾಲಿಗೆ ಆಡಿಸಿದ ಮೇಲೆ 100 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಗ್ಲೂಕೋಸ್ ಪುಡಿ ಕಲಸಿ. ಸೂಜಿ ತೆಗೆದ 1 ಮಿ.ಲೀ. ಸಿರಿಂಜಿನಿಂದ ತುಟಿಯ ಬದಿಗೆ ಒಂದು ಹನಿ ತಾಗಿಸಿ, ಅದೇ ನೆಕ್ಕಲಿ. ಬಾಯೊಳಗೆ ಒತ್ತಿ ಹಾಕಬೇಡಿ, ಮಲಗಿಸಿ ಹಾಕಬೇಡಿ. ನೆಕ್ಕಿದರೆ ಐದಾರು ನಿಮಿಷ ಬಿಟ್ಟು ಇನ್ನೊಂದು ಹನಿ. ಎಚ್ಚರಗೊಳ್ಳುವಾಗ ಕೊಬ್ಬು, ಸಕ್ಕರೆ ಎರಡೂ ಬೇಗ ಖರ್ಚಾಗುತ್ತವೆ, ಅದಕ್ಕೇ ಗ್ಲೂಕೋಸ್. ಓಡಾಡಲು ಶುರು ಮಾಡಿದ ಮೇಲೆ ನೆನೆಸಿದ ಆಹಾರ, ಸಣ್ಣ ಚೂರು ಸೌತೆಕಾಯಿ, ಒಂದೆರಡು ಸೂರ್ಯಕಾಂತಿ ಬೀಜ ಕೊಡಿ.

ಒಂದು ಮಾತು ಗಮನದಲ್ಲಿರಲಿ. ಸಿರಿಯನ್ ಹ್ಯಾಮ್‌ಸ್ಟರ್ ಸರಿಯಾದ ಚಳಿನಿದ್ದೆಗೆ ಹೋಗಬೇಕಾದರೆ ವಾರಗಟ್ಟಲೆ ಚಳಿ, ಕಡಿಮೆ ಬೆಳಕು ಇದ್ದು ಮೈ ಸಿದ್ಧವಾಗಬೇಕು. ಒಂದೇ ರಾತ್ರಿಯ ಚಳಿಗೆ ಬಿದ್ದದ್ದು ಬಹುಪಾಲು ಮೈ ಶಾಖ ಕಳೆದುಕೊಂಡದ್ದೇ. ಆದ್ದರಿಂದ ‘ನಿದ್ದೆ ಮಾಡಲಿ ಬಿಡಿ, ತಾನೇ ಏಳುತ್ತದೆ’ ಎಂದು ಬಿಡುವಂತಿಲ್ಲ. ವಯಸ್ಸಾಗಿದ್ದರೆ, ಮೊದಲೇ ತೂಕ ಇಳಿದಿದ್ದರೆ ಕಾಯಿಲೆಯೂ ಇರಬಹುದು. ಮೂರು ತಾಸಾದರೂ ತಲೆ ಎತ್ತದಿದ್ದರೆ, ಉಸಿರಿನಲ್ಲಿ ಟಿಕ್ ಟಿಕ್ ಸದ್ದು ಬಂದರೆ, ಬಾಲದ ಸುತ್ತ ಒದ್ದೆಯಾಗಿದ್ದರೆ, ಸಂಜೆವರೆಗೂ ಏನೂ ತಿನ್ನದಿದ್ದರೆ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯಿರಿ. ಒಯ್ಯುವಾಗ ಸ್ಕೂಟರ್ ಮೇಲೆ ಗಾಳಿಗೆ ಹಿಡಿಯಬೇಡಿ. ಡಬ್ಬಿ, ಬಾಟ್ಲಿ ಸಮೇತ ಆಟೋದಲ್ಲಿ ಹೋಗಿ.

ಸಣ್ಣಜೀವ, ಕಲಬುರಗಿ

ಸತ್ತದ್ದೋ ಮಲಗಿದ್ದೋ ಅನ್ನೋದು ಮುಂದ ಯಾರಿಗಾದ್ರೂ ಬೇಕಾದೀತು. ಮೂಗಿನ ಮುಂದ ತಣ್ಣನ ಚಮಚ ಅಥವಾ ಕನ್ನಡಿ ಹಿಡಿದು ಎರಡು ಮೂರು ನಿಮಿಷ ನೋಡ್ರಿ, ಮಂಜು ಕಟ್ತದೇನು ಅಂತ. ತುಟಿ ಎತ್ತಿ ಒಸಡು ನೋಡ್ರಿ, ತುಸು ಗುಲಾಬಿ ಇದ್ರ ಆಸೆ ಅದ. ಮೈ ಸೆಟೆದದ್ದು ಒಂದೇ ನೋಡಿ ಹೇಳಲಾಕ ಬರಂಗಿಲ್ಲ, ಟಾರ್ಪರ್‌ನಾಗೂ ಉಂಡಿ ಬಿಗಿಯಾಗೇ ಇರ್ತದ, ಸತ್ತ ಮೈನೂ ಕೆಲ ತಾಸಾದ ಮ್ಯಾಲ ಮೆತ್ತಗ ಆಗ್ತದ. ಅನುಮಾನ ಇದ್ರ ಮೂರು ತಾಸು ಬೆಚ್ಚಗಿಟ್ಟು ನೋಡಿ ಆಮ್ಯಾಲ ಮುಂದಿನ ಮಾತು.

ಇವತ್ತ ರಾತ್ರಿ ಮತ್ತ ಹಂಗೇ ಆಗೋ ಸಂಭವ ಅದ. ಪಂಜರ ಶಹಾಬಾದ್ ಫರಸಿ ಮ್ಯಾಲ ಇಡಬ್ಯಾಡ್ರಿ, ಬ್ಯಾಸಗ್ಯಾಗ ಸುಖ ಕೊಡೋ ಅದೇ ಕಲ್ಲು ಡಿಸೆಂಬರ್–ಜನವರಿಯಾಗ ತಳದಿಂದ ಕಾವು ಹೀರ್ತದ. ಕಟ್ಟಿಗಿ ಮೇಜಿನ ಮ್ಯಾಲ, ಒಳಗೋಡಿಗೆ ಹಚ್ಚಿ, ಕಿಟಕಿಯಿಂದ ದೂರ ಇಡ್ರಿ. ಹಾಸು 15 ಸೆಂಟಿಮೀಟರಿಗಿಂತ ಕಮ್ಮಿ ಬ್ಯಾಡ, ಕೊರೆದು ಒಳಗ ಕೂಡಲಾಕ ಅಷ್ಟು ಬೇಕು. ಮೂರು ಬದಿ ಕೌದಿ ಹೊಚ್ಚಿ ಒಂದ ಬದಿ ಗಾಳಿಗೆ ಬಿಡ್ರಿ. ಕೆಂಡದ ಶೇಗಡಿ ಮುಚ್ಚಿದ ಖೋಲ್ಯಾಗ ಇಡಬ್ಯಾಡ್ರಿ, ಆ ಹೊಗಿ ಮನಷ್ಯಾರಿಗೂ ವಿಷ. ಎಲ್‌ಇಡಿ ಬಲ್ಬ್‌ನಿಂದ ಉಪಯೋಗಕ್ಕ ಬರೋವಷ್ಟು ಕಾವು ಸಿಗಂಗಿಲ್ಲ. ಕನಿಷ್ಠ–ಗರಿಷ್ಠ ತೋರಿಸೋ ಥರ್ಮಾಮೀಟರ್ ಪಂಜರದ ಬಾಜೂಕ ಇಟ್ರ ನಸುಕಿನ್ಯಾಗ ಎಷ್ಟಕ್ಕ ಇಳಿದಿತ್ತು ಅಂತ ಮುಂಜಾನಿ ಕಾಣ್ತದ. 18ಕ್ಕಿಂತ ಕೆಳಗ ಹೋಗಲಾರದಂಗ ನೋಡ್ರಿ. ಸಂಜಿ ಮ್ಯಾಲೂ ಲೈಟ್ ಹಚ್ಚಿ ಬೆಳಕು 12 ತಾಸು ಮಾಡ್ರಿ. ಸಜ್ಜಿ, ಜ್ವಾಳದ ಕಾಳಿನ ಜೋಡಿ ಚಳಿಗಾಲದಾಗ ನಾಕು ಸೂರ್ಯಕಾಂತಿ ಬೀಜ ಜಾಸ್ತಿ ಇರ್ಲಿ. ನೀರಿನ ನಳಿಗಿ ಬೆರಳು ಹಚ್ಚಿ ಹನಿ ಬರ್ತದೇನು ನೋಡ್ರಿ, ನೀರು ಸಿಗದಿದ್ರೂ ಪ್ರಾಣಿ ಸೊರಗಿ ಬ್ಯಾಗ ತಣ್ಣಗಾಗ್ತದ.

ಭೀಮಾತೀರ, ಯಾದಗಿರಿ

ಎರಡು ಮಾತು ಸೇರಸ್ತೀನಿ. ಇದನ್ನ ಮೊಲ, ಗಿನಿಯಿಲಿಗೆ ಹಚ್ಚಬ್ಯಾಡ್ರಿ. ಅವು ಟಾರ್ಪರ್‌ಗೆ ಹೋಗೋ ಪ್ರಾಣಿ ಅಲ್ಲ. ತಣ್ಣಗಾಗಿ ಬಿದ್ದಾವಂದ್ರ ಜಡ್ಡು ಬಲಿತದ ಅಂತ ತಿಳಕೊಂಡು, ಬಾಟ್ಲಿ ಹಚ್ಚಿಕೊಂಡೇ ಡಾಕ್ಟರ್ ಕಡಿ ಹೋಗ್ರಿ. ಚಳಿಗಾಲಕ್ಕ ಬೆಳ್ಳಗಾಗೋ ಸಣ್ಣ ಡ್ವಾರ್ಫ್ ಹ್ಯಾಮ್‌ಸ್ಟರ್ ಮಾತ್ರ ಹಗಲು ಕೆಲ ತಾಸು ಟಾರ್ಪರ್‌ಗೆ ಹೋಗಿ ತಾನೇ ಏಳೋದು ಉಂಟು. ಅದಕ್ಕ ಖೋಲಿ ಬೆಚ್ಚಗ ಮಾಡಿ ಕಾಯೋದೇ ಮೊದಲು.

ಇನ್ನೊಂದು, ನಮ್ಮ ಕಡಿ ಏಪ್ರಿಲ್–ಮೇದಾಗ 40 ಡಿಗ್ರಿ ದಾಟಿದಾಗ ಹ್ಯಾಮ್‌ಸ್ಟರ್ ಚಪ್ಪಟಿ ಬಿದ್ದು ನಡಗಿದ್ರ ಅದು ಟಾರ್ಪರ್ ಅಲ್ಲ, ಬಿಸಲಿನ ಹೊಡತ. ಮುಟ್ಟಿದ್ರ ಮೈ ಸುಡ್ತಿರ್ತದ. ಅದಕ್ಕ ಬಾಟ್ಲಿ ಹಚ್ಚಿದ್ರ ಕೊಂದಂಗ. ನೆರಳಿಗೆ ತಂದು, ಒದ್ದಿ ಅರಬಿಯಿಂದ ಪಾದ, ಕಿವಿ ಒರಸ್ರಿ, ಐಸ್ ಹಚ್ಚಬ್ಯಾಡ್ರಿ. ಯಾವ ತಿಂಗಳಾಗಿರ್ಲಿ, ಮೊದಲು ಹೊಟ್ಟಿ ಮುಟ್ಟಿ ತಣ್ಣಗದೋ ಬಿಸಿ ಅದೋ ನೋಡಿಕೊಂಡು ಕೈ ಹಾಕ್ರಿ.