ಅಪ್‌ಡೇಟ್: ಭಾವನವರ ಮಹಾಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರ ಕಾರಣ ತಿಳಿಯಿತು

ಪುಣೆಯ ಚಿಂಚವಾಡದಲ್ಲಿರುವ ನಮ್ಮ ಭಾವನವರ ಎಡಗಾಲಿನ ಬೆರಳುಗಳು ಇದ್ದಕ್ಕಿದ್ದಂತೆ ನೀಲಿಗಟ್ಟಿದವೆಂದೂ, ಸಿ.ಟಿ. ಆಂಜಿಯೋದಲ್ಲಿ (ರಕ್ತನಾಳಗಳ ಸ್ಕ್ಯಾನ್) ಎದೆಭಾಗದ ಮಹಾಧಮನಿಯ ಒಳಗೋಡೆಗೆ ರಕ್ತದ ಹೆಪ್ಪು ಅಂಟಿರುವುದು ಕಂಡಿತೆಂದೂ ಬರೆದು, ಅಷ್ಟು ರಭಸದಿಂದ ರಕ್ತ ಹರಿಯುವ ಜಾಗದಲ್ಲಿ ಇದು ಹೇಗೆ ಸಾಧ್ಯವೆಂದು ಎರಡು ವಾರಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಹೃದಯ ಬಡಿತದ ಏರುಪೇರನ್ನು ಶಂಕಿಸಿದವರ ಮಾತಿನಂತೆ ಬಡಿತವನ್ನು ದಿನವಿಡೀ ದಾಖಲಿಸುವ ಹೋಲ್ಟರ್ ಪರೀಕ್ಷೆ ಮಾಡಿಸಿದೆವು, ಏನೂ ಸಿಗಲಿಲ್ಲ. ರಕ್ತ ಅತಿಯಾಗಿ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಸಿ ಮತ್ತು ಎಸ್‌ಗಳ ಪರೀಕ್ಷೆಗಳನ್ನು ವೈದ್ಯರೇ ಮುಂದೂಡಿದರು, ಏಕೆಂದರೆ ಹೆಪ್ಪು ಹೊಸದಾಗಿರುವಾಗಲೂ ಹೆಪ್ಪುಗಟ್ಟುವಿಕೆ ತಡೆಯುವ ವಾರ್ಫರಿನ್ ಔಷಧಿ ಸೇವಿಸುವಾಗಲೂ ಅವುಗಳ ಫಲಿತಾಂಶ ದಾರಿ ತಪ್ಪಿಸುತ್ತದೆ. ಕೊನೆಗೆ ಫಲಿಸಿದ್ದು, "ಮೊದಲು ಹಿಮೋಗ್ಲೋಬಿನ್ ಎಷ್ಟಿದೆ ನೋಡಿ" ಎಂದವರ ಸಲಹೆ. ಅದು ಸಹಜಕ್ಕಿಂತ ಬಹಳ ಹೆಚ್ಚು, 19.2 ಇತ್ತು, ನಾವೋ ಅದನ್ನು ಒಳ್ಳೆಯ ಆರೋಗ್ಯದ ಗುರುತೆಂದೇ ತಿಳಿದಿದ್ದೆವು! ರಕ್ತಕಣಗಳ ತಯಾರಿಗೆ ಸಂಬಂಧಿಸಿದ ಜೆಎಕೆ2 ಜೀನ್‌ನಲ್ಲಿ ಬದಲಾವಣೆಯಿದೆಯೇ ಎಂದು ನೋಡುವ ಪರೀಕ್ಷೆಯೂ ಪಾಸಿಟಿವ್ ಬಂದಿತು. ಅಸ್ಥಿಮಜ್ಜೆಯು ಕೆಂಪು ರಕ್ತಕಣಗಳನ್ನು ಅತಿಯಾಗಿ ತಯಾರಿಸಿ ರಕ್ತವನ್ನು ಗಟ್ಟಿಯಾಗಿಸುವ ಪಾಲಿಸೈಥೀಮಿಯಾ ವೆರಾ ಎಂದು ಖಚಿತವಾಯಿತು. ಮೂವತ್ತು ವರ್ಷಗಳ ಸಿಗರೇಟಿನಿಂದ ಧಮನಿಯ ಗೋಡೆಯೂ ಒರಟಾಗಿತ್ತು.

ಬಿಸಿನೀರಿನ ಸ್ನಾನವಾದೊಡನೆ ಅವರಿಗೆ ಎರಡು ವರ್ಷಗಳಿಂದ ಮೈ ತುರಿಸುತ್ತಿತ್ತು. ಅಕ್ಕ ಬೋರ್‌ವೆಲ್ ನೀರನ್ನು ದೂರಿ ಮೂರು ಬಗೆಯ ಸಾಬೂನು ಬದಲಿಸಿದ್ದಳು. ಅದೂ ಇದೇ ಕಾಯಿಲೆಯ ಲಕ್ಷಣವಂತೆ.

ಹಿಮಾಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇ. 45ಕ್ಕಿಂತ ಕೆಳಗಿರುವಂತೆ ಈಗ ಆಗಾಗ ರಕ್ತ ತೆಗೆಯುತ್ತಿದ್ದಾರೆ. ರಕ್ತಕಣಗಳ ತಯಾರಿಯನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ, ಜೊತೆಗೆ ವಾರ್ಫರಿನ್ ನಡೆದಿವೆ. ಬೆರಳುಗಳ ಬಣ್ಣ ಮರಳಿದೆ. ಶಸ್ತ್ರಚಿಕಿತ್ಸೆಯ ಮಾತು ಮುಂದಿನ ತಿಂಗಳ ಸಿ.ಟಿ. ಆದ ಮೇಲೆ.