ಸಹಾಯ ಬೇಕು: ಯುದ್ಧಕಾಲದ ಜೀಪಿನ ಗುರುತು ಮತ್ತು ಬಿಡಿಭಾಗಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಬಳಿಯ ನಮ್ಮ ಕಾಫಿ ತೋಟದ ಹಳೆಯ ಕೊಟ್ಟಿಗೆಯಲ್ಲಿ, ಎರಡನೇ ಮಹಾಯುದ್ಧದ ಬಳಿಕ ಸೇನೆಯ ಹರಾಜಿನಲ್ಲಿ ಅಜ್ಜ ಕೊಂಡು ತಂದಿದ್ದ ಜೀಪೊಂದು ಇಪ್ಪತ್ತೈದು ವರ್ಷಗಳಿಂದ ನಿಂತಿದೆ. ಅದನ್ನು ಮೂಲ ರೂಪದಲ್ಲಿಯೇ ದುರಸ್ತಿ ಮಾಡಿಸಬೇಕೆಂಬುದು ನನ್ನ ಬಹುದಿನಗಳ ಆಸೆ.

ಮೊದಲನೆಯದು ಗುರುತಿನ ಪ್ರಶ್ನೆ. ಯುದ್ಧದ ವರ್ಷಗಳಲ್ಲಿ ವಿಲ್ಲಿಸ್ ಕಂಪನಿಯ ‘ಎಂಬಿ’ ಮತ್ತು ಫೋರ್ಡ್ ಕಂಪನಿಯ ‘ಜಿಪಿಡಬ್ಲ್ಯೂ’ ಮಾದರಿಯ ಜೀಪುಗಳು ಒಂದೇ ವಿನ್ಯಾಸದಲ್ಲಿ ತಯಾರಾದವು. ರೇಡಿಯೇಟರಿನ ಕೆಳಗೆ ಚಾಸಿಯ (ವಾಹನದ ಅಡಿಚೌಕಟ್ಟಿನ) ಅಡ್ಡಪಟ್ಟಿ ಕೊಳವೆಯಂತೆ ದುಂಡಗಿದ್ದರೆ ವಿಲ್ಲಿಸ್, ಕವುಚಿಟ್ಟ ದೋಣಿಯಂತಿದ್ದರೆ ಫೋರ್ಡ್. ನಮ್ಮದು ದುಂಡಗಿದೆ, ಆದರೆ ತುಕ್ಕು ಉಜ್ಜಿದಾಗ ಹಿಂಬದಿಯ ನಾಲ್ಕು ಬೋಲ್ಟುಗಳ ತಲೆಯ ಮೇಲೆ ಫೋರ್ಡ್ ಕಂಪನಿಯ ‘ಎಫ್’ ಅಕ್ಷರ ಕಂಡಿತು. ಸೇನೆಯ ವರ್ಕ್‌ಶಾಪಿನಲ್ಲಿ ಬಿಡಿಭಾಗಗಳು ಅದಲುಬದಲಾಗಿರಬಹುದೆಂದು ನನ್ನ ಊಹೆ. ಬಂಪರಿನ ಹಿಂದೆ, ಎಡಬದಿಯ ಚಾಸಿಗೆ ರಿವೆಟ್ ಮಾಡಿರಬೇಕಾದ ಸಂಖ್ಯಾಫಲಕ ಎಲ್ಲೋ ಬಿದ್ದುಹೋಗಿದ್ದು, ರಿವೆಟಿನ ತೂತುಗಳು ಮಾತ್ರ ಉಳಿದಿವೆ.

ಮೆಕ್ಯಾನಿಕ್ ಒಬ್ಬರು 2.2 ಲೀಟರಿನ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸೋಣವೆಂದರು, ನಾನು ಒಪ್ಪಲಿಲ್ಲ. 2021ರ ವಿಂಟೇಜ್ ವಾಹನ ನಿಯಮದಂತೆ, ವಿಂಟೇಜ್ ಎಂದು ನೋಂದಣಿಯಾಗಬೇಕಾದರೆ 50 ವರ್ಷ ದಾಟಿದ ವಾಹನದ ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಅದಕ್ಕಿಂತ ಹೆಚ್ಚಾಗಿ, ಆ ಎಂಜಿನ್ನಿನ ಸದ್ದು ಕೇಳುತ್ತಲೇ ನಾನು ಬೆಳೆದವನು.

ಹಾಸನ ಅಥವಾ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹಳೆಯ ಸೇನಾ ವಾಹನಗಳನ್ನು ಸಂಗ್ರಹಿಸಿಟ್ಟುಕೊಂಡವರು ಯಾರಾದರೂ ಇದ್ದರೆ, ನಾನು ಒಮ್ಮೆ ಬಂದು ಅವನ್ನು ನೋಡಿಕೊಳ್ಳಲು ಅವಕಾಶ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. 6 ವೋಲ್ಟ್ ಜನರೇಟರ್ ಮತ್ತು ಕಾರ್ಟರ್ ಕಂಪನಿಯ ಕಾರ್ಬ್ಯುರೇಟರ್ ಎಲ್ಲಿ ಸಿಗುತ್ತವೆ, ದಾಖಲೆ ಕಳೆದುಹೋದ ಇಂಥ ವಾಹನದ ನೋಂದಣಿಯನ್ನು ನೀವು ಹೇಗೆ ಮಾಡಿಸಿಕೊಂಡಿರಿ ಎಂಬುದನ್ನು ದಯವಿಟ್ಟು ಇಲ್ಲಿಯೇ ತಿಳಿಸಿ.